ಕುರ್ಚಿ ಹಾಡು

ಅಲ್ಲಮ್ಮ, ಬರೋದಾದ್ರೆ ನಂಗೊಂದು ಮಾತು ಹೇಳಬಾರದಿತ್ತಾ? ಹೊರಗೆ ತಂಗಿ ಮುಖ ಅಚ್ಚು ಹಾಕಿರೋ ಟೀ ಶರ್ಟ್ ಮಾರ್ತಾ ನಿಂತಿದ್ದೀನಿ, ಗೇಟಿನವನು ಬಂದು "ಥೇಟ್ ಮೇಡಂ ಮೂಗೇ ಇರೋ ಒಬ್ರು ಒಳಗೆ ಹೋದ್ರು" ಅಂತಾನೆ. ಎದೆ ಧಸಕ್ ಅಂತು... ಸಂತೋಷಕ್ಕೆ ಅಮ್ಮ, ಸಂತೋಷಕ್ಕೇ. ಹೀಗ್ಯಾಕೆ ನೋಡ್ತೀಯಾ?

ಟಿಕೆಟ್ ಹೇಗೆ ಸಿಕ್ತು? ಕಿಟಕೀಲಿ ಕೇಳಿದೆ, ಕೊಟ್ರಾ? ಅಷ್ಟೇನಾ! ಎರಡು ವರ್ಷದಿಂದ ಪ್ರತಿ ಸಲ "ಟಿಕೆಟ್ ಎಲ್ಲಾ ಮುಗಿದುಹೋಗಿದೆ" ಅಂತಿದ್ದೆ, ಹೌದು. ಮುಗಿದೇ ಹೋಗಿತ್ತು. ಹಿಂದೆ ತಿರುಗಿ ನೋಡಬೇಡ. ಆ ಖಾಲಿ ಸೀಟಿನವರೆಲ್ಲಾ... ಆಮೇಲೆ ಬರ್ತಾರೆ.

ಇರಲಿ, ಬಂದದ್ದು ಬಂದೆ. ಏನೇನಾಗುತ್ತೆ ಅಂತ ಮೊದಲೇ ಹೇಳಿಬಿಡ್ತೀನಿ, ಗಾಬರಿ ಆಗಬಾರದು. ಮೊದಲು ಕತ್ತಲೆ. ಕರೆಂಟು ಹೋಗಿದ್ದಲ್ಲ. ಆಮೇಲೆ ಹೊಗೆ. ಬೆಂಕಿ ಬಿದ್ದಿದ್ದಲ್ಲ. ಬೇಸ್ ಗಿಟಾರು ಶುರುವಾದ್ರೆ ಪಕ್ಕೆಲುಬೆಲ್ಲಾ ನಡುಗುತ್ತೆ. ಬಿ.ಪಿ. ಅಲ್ಲ, ಮಾತ್ರೆ ಹುಡುಕಬೇಡ. ನಮ್ಮ ಗುಬ್ಬಿ ನಡುನಡುವೆ "ಊ... ಊ... ಓ" ಅಂತ ನರಳ್ತಾಳೆ. ಹೊಟ್ಟೆನೋವಲ್ಲ. ಸೋಲ್-ಪಾಪ್ ಅಂತಾರೆ ಇದಕ್ಕೆ, ಆತ್ಮದಿಂದ ಹಾಡೋದು. ನೀನು ಅವಳಿಗೆ ಕಲಿಸಿದ್ದು ಗಂಟಲಿಂದ ಹಾಡೋದು, ಗೊತ್ತು. ಅದಕ್ಕೆ ಇಷ್ಟು ಜನ ಬರಲ್ಲ.

ಚಳಿನಾ? ಎ.ಸಿ. ಜೋರು ಇಲ್ಲಿ. ನನ್ನ ಜಾಕೆಟ್ ಹಾಕ್ಕೋ. ಬೇಡ್ವಾ? ಅಯ್ಯೋ, ಆ ಹಸಿರು ಶಾಲಿನ ಸುದ್ದಿ ಮತ್ತೆ ಯಾಕೆ? ಡ್ರೈಕ್ಲೀನಿಂಗ್‌ನವನು ಕಳೆದುಬಿಟ್ಟ, ಮುಗೀತು. ಅವನ ಅಂಗಡಿ ಮುಂದೆ ನಿಂತು ಅಷ್ಟು ಬೈದೆಯಲ್ಲ, ಪಾಪ, ಇವತ್ತಿಗೂ ನನ್ನ ಕಂಡ್ರೆ ರಸ್ತೆ ದಾಟಿ ಆ ಕಡೆ ಹೋಗ್ತಾನೆ.

ಒಂದು ಮುಖ್ಯ ವಿಷಯ. ಆರನೇ ಹಾಡು ಮುಗಿದ ಕೂಡಲೇ ನಾವಿಬ್ರೂ ಹೊರಗೆ ಹೋಗಿ ಕಾಫಿ ಕುಡಿಯೋಣ. ಆಮೇಲಿನದು ಅಷ್ಟೇನಿಲ್ಲ. ಕುರ್ಚಿ ಹಾಡು ಅಂತ. ಸ್ಟೇಜ್ ಮೇಲೆ ಒಂದು ಖಾಲಿ ಕುರ್ಚಿ ಇಡ್ತಾರೆ, ಅದರ ಮೇಲೊಂದು ಲೈಟು ಬಿಡ್ತಾರೆ, ಜನ ಅಳ್ತಾರೆ. ಕುರ್ಚಿ ನೋಡಿ ಯಾಕೆ ಅಳ್ತಾರೆ ಅಂದ್ರೆ... ಅಂಥ ಜನ. ಎರಡನೇ ಚರಣದಲ್ಲಿ ಗುಬ್ಬಿಗೆ ಗಂಟಲು ಕಟ್ಟುತ್ತೆ. ಅದೂ ಅಭ್ಯಾಸ ಮಾಡಿದ್ದೇ. ಡ್ರಮ್ಮಿನವನು ಮನಸ್ಸಲ್ಲೇ ನಾಲ್ಕು ಎಣಿಸಿ ಒಂದು ಏಟು ಹಾಕ್ತಾನೆ, ಇವಳು ಮತ್ತೆ ಶುರು. ಒಂದು ಸಲವೂ ತಪ್ಪಿಲ್ಲ. ನೋಡಲೇಬೇಕು ಅನ್ನೋ ಅಂಥದ್ದೇನಲ್ಲ.

ನಗ್ತೀಯಾ? ನಗು, ನಗು.

ಹಾಂ, ಕತ್ತಲೆ ಆಯ್ತು. ಕರೆಂಟಲ್ಲ, ಹೇಳಿದ್ನಲ್ಲ... ಬಂದಳು ನೋಡು! ಸೊರಗಿಲ್ಲಮ್ಮ, ಆ ಡ್ರೆಸ್ಸೇ ಹಾಗೆ. ಕೂಗಬೇಡ! "ಗುಬ್ಬೀ" ಅಂದ್ರೆ ಅವಳಿಗೆ ಕೇಳಲ್ಲ, ಕಿವೀಲಿ ಯಂತ್ರ ಇದೆ. ಕಣ್ಣು ಒರೆಸ್ಕೋ. ಮೊದಲನೇ ಹಾಡಿಗೇ ಅತ್ರೆ ಹೇಗೆ?

...ಇದಕ್ಕೆ ಎಲ್ಲರೂ ಎದ್ದು ಕುಣೀತಾರೆ. ನೀನು ಕೂತೇ ಕುಣಿ. ಚೆನ್ನಾಗಿ ಹಾಡ್ತಾಳೆ, ಅಲ್ವಾ? ನಿನ್ನ ಮಗಳು. ಹೂಂ, ನಿನ್ನ ಮಗಳೇ.

...ಆರು ಮುಗೀತು. ಎದ್ದೇಳು, ಕಾಫಿ. ಮಂಡಿ ನೋವಾ? ನಾನು ಹಿಡ್ಕೊಳ್ತೀನಿ. ಬಾತ್‌ರೂಮಿಗಾದ್ರೂ? ಅದೂ ಬೇಡ್ವಾ? ಅಮ್ಮ, ಕುರ್ಚಿ ತಂದ್ರು. ದಮ್ಮಯ್ಯ ಅಂತೀನಿ, ಎದ್ದೇಳು...

ಕುರ್ಚಿ ಮೇಲೆ ಶಾಲಾ? ಯಾವ ಶಾಲು? ಹಸಿರು ಶಾಲು ಯಾರ ಹತ್ರ ಇರಲ್ಲ ಹೇಳು... ಮೂಲೇಲಿ ಇಸ್ತ್ರಿ ಸುಟ್ಟ ಗುರುತಾ? ಇಷ್ಟು ದೂರದಿಂದ ನಿನಗೆ... ಕನ್ನಡಕ ಯಾವಾಗ ಬದಲಾಯಿಸಿದೆ?

ಸರಿ. ನಾನೇ ಗುಬ್ಬಿಗೆ ತಂದುಕೊಟ್ಟೆ. ಆ ಡ್ರೈಕ್ಲೀನಿಂಗ್‌ನವನದು ಏನೂ ತಪ್ಪಿಲ್ಲ.

ಅವಳು ಮಾತಾಡ್ತಿದ್ದಾಳೆ, ಕೇಳಿಸ್ಕೋಬೇಡ. ಅಮ್ಮ, ಇಲ್ಲಿ ನೋಡು, ನನ್ನ ಕಡೆ ನೋಡು...

ಹೌದು. "ಅಮ್ಮ ತೀರಿಕೊಂಡ ಮೇಲೆ ಈ ಶಾಲೇ ನನಗೆ ಅಮ್ಮ" ಅಂದಳು. ಅದನ್ನೇ ಅಂದಳು. ಎಲ್ಲಾ ಕಡೆ ಅಂತಾಳೆ. ಅವಳ ಬುದ್ಧಿ ಅಲ್ಲಮ್ಮ, ಮ್ಯಾನೇಜರಿಂದು. ಬದುಕಿರೋ ಅಮ್ಮನ ಮೇಲೆ ಹಾಡಿದ್ರೆ ಚಪ್ಪಾಳೆ ತಟ್ತಾರೆ, ಸತ್ತ ಅಮ್ಮನ ಮೇಲೆ ಹಾಡಿದ್ರೆ ಮನೆಗೆ ಹೋದ ಮೇಲೂ ಅಳ್ತಾರೆ ಅಂದ. ಒಂದೇ ಒಂದು ಸಲಕ್ಕೆ ಅಂತ ಶುರುವಾಯ್ತು. ಜನ ಬಿಕ್ಕಿ ಬಿಕ್ಕಿ ಅತ್ರು. ಆಮೇಲೆ ನಿನ್ನನ್ನ ವಾಪಸ್ ಬದುಕಿಸೋದು ಹೇಗೆ ಅಂತ ಯಾರಿಗೂ ತಿಳೀಲಿಲ್ಲ.

ಪಕ್ಕದವರಿಗೆ ಯಾಕೆ ಕರ್ಚೀಫ್ ಕೊಡ್ತೀಯಾ? ಅಮ್ಮ, ಅವರು ಅಳ್ತಿರೋದು ನೀನು ಸತ್ತದ್ದಕ್ಕೆ. ಬೆನ್ನು ಬೇರೆ ಸವರ್ತಿದ್ದೀಯಲ್ಲ!

ಬೈ ಅಮ್ಮ. ಆ ಡ್ರೈಕ್ಲೀನಿಂಗ್‌ನವನಿಗೆ ಬೈದ ಅರ್ಧದಷ್ಟಾದ್ರೂ ಬೈ... ನಿನಗೆ ಗೊತ್ತಾಗದೆ ಇದ್ರೆ ನೋವಾಗಲ್ಲ ಅಂದ್ಕೊಂಡೆ. ಅಷ್ಟೇ ಅಮ್ಮ. ಚಳಿ ಆಗ್ತಿದೆಯಾ? ಜಾಕೆಟ್... ಬೇಡ. ಶಾಲು ಬೇಕಾ? ತರ್ತೀನಿ. ಹಾಡು ಮುಗೀಲಿ, ನಾನೇ ತಂದುಕೊಡ್ತೀನಿ.

ಎಲ್ಲಿಗೆ ಎದ್ದೆ? ಬಾಗಿಲು ಹಿಂದಿದೆ. ಅಮ್ಮ, ಬಾಗಿಲು ಈ ಕಡೆ! ಅದು ಸ್ಟೇಜು... ಸ್ವಲ್ಪ ದಾರಿ ಬಿಡಿ ಸಾರ್. ತಡೀಬೇಡಿ ಅವರನ್ನ. ಹಾಂ, ಗೊತ್ತು ಅವರು ನನಗೆ... ನಮ್ಮಮ್ಮ ಸಾರ್. ನಮ್ಮಿಬ್ಬರ ಅಮ್ಮ.

ಗಂಟಲು ಕಟ್ಟಿತು ಅವಳಿಗೆ. ಎರಡನೇ ಚರಣ. ಡ್ರಮ್ ಏಟು ಬಿತ್ತು. ಇನ್ನೊಂದು ಬಿತ್ತು... ಅಮ್ಮ, ಅವಳು ಶುರು ಮಾಡ್ತಿಲ್ಲ. ನಿನ್ನನ್ನೇ ನೋಡ್ತಿದ್ದಾಳೆ.

ಅಲ್ಲಿ ಮೆಟ್ಟಿಲಿದೆ ಅಮ್ಮ. ನಿಧಾನ.