ಒಳಗೆ ಕೂರುವವರ ಕಾರು

ನಿಮ್ಮೂರಿನಂಥದೇ ಒಂದು ಊರು. ಅಲ್ಲೊಬ್ಬ ಸಾಹುಕಾರ. ಬಟ್ಟೆ ಅಂಗಡಿ ಇತ್ತು, ಎಣ್ಣೆ ಗಿರಣಿ ಇತ್ತು, ಜೊತೆಗೆ ಕಾರಿನ ಹುಚ್ಚೂ ಇತ್ತು.

ನೋಡಿ, ಈ ಹುಚ್ಚು ವಯಸ್ಸಿನ ಜೊತೆ ಬದಲಾಗುತ್ತದೆ. ಚಿಕ್ಕವನಿದ್ದಾಗ ಅವನಿಗೆ ಹಾರ್ನ್ ಜೋರಾಗಿದ್ದದ್ದೇ ಒಳ್ಳೆಯ ಕಾರು. ಮೀಸೆ ಬಂದ ಮೇಲೆ ಕೆಂಪು ಬಣ್ಣವೇ ಬೇಕು, ಬಾಗಿಲು ಎರಡೇ ಇರಬೇಕು. ಅದನ್ನೇ ತಂದ. ತಾಯಿ ಸೆರಗು ಬಿಗಿ ಹಿಡಿದು ಹಿಂದಿನ ಸೀಟಿಗೆ ನುಸುಳುತ್ತಿದ್ದಳು. ವ್ಯಾಪಾರ ಬೆಳೆಯಿತು, ಉದ್ದನೆಯ ಬಿಳಿ ಕಾರು ಬಂತು. ಸೀಟಿನ ಪ್ಲಾಸ್ಟಿಕ್ ತೆಗೆಯಲೇ ಇಲ್ಲ. ಬೇಸಿಗೆಯಲ್ಲಿ ಅದು ಹೆಂಡತಿಯ ಬೆನ್ನಿಗೆ ಅಂಟುತ್ತಿತ್ತು. ಐವತ್ತು ದಾಟಿದ ಮೇಲೆ, ಆಳೆತ್ತರದ ಕಪ್ಪು ಕಾರು.

ಆ ಮನೆಯಲ್ಲೊಂದು ಪದ್ಧತಿ. ಹೊಸ ಗಾಡಿಗೆ ಮನೆಯ ಹೆಣ್ಣುಮಗಳು ಆರತಿ ಬೆಳಗಬೇಕು, ಮೊದಲು ಅವಳೇ ಕೂತು ಗುಡಿಗೆ ಹೋಗಬೇಕು. ಅಲ್ಲಿಯವರೆಗೆ ನಿಂಬೆಹಣ್ಣಿನ ಮೇಲೆ ಚಕ್ರ ಹರಿಯುವಂತಿಲ್ಲ.

ಕಪ್ಪು ಕಾರಿನ ಪೂಜೆಯ ದಿನ ಸಾಹುಕಾರನ ಅಕ್ಕ ಆರತಿ ತಟ್ಟೆ ಹಿಡಿದು ಬಂದಳು. ಮಂಡಿ ಸವೆದ ಹೆಂಗಸು. ಆರತಿಗೆ ಮೊದಲು ಹತ್ತಿ ನೋಡೋಣವೆಂದು ಒಂದು ಕಾಲು ಎತ್ತಿದಳು, ಇಳಿಸಿದಳು.

“ತಮ್ಮಾ, ಕಾರು ತಂದಿ ಖರೆ. ಏಣಿ ಎಲ್ಲಿ ಬಿಟ್ಟು ಬಂದಿ?”

ಓಣಿಯವರು ನಕ್ಕರು. ಸಾಹುಕಾರನ ಕಿವಿ ಬಿಸಿಯಾಯಿತು. ಸ್ಟೂಲ್ ತರಲು ಆಳಿಗೆ ಹೇಳಿದ.

“ಬ್ಯಾಡ. ಗುಡಿ ಮುಂದ ಇಳಿಯಾಕ ಅದನ್ನ ಯಾರು ಹೊತ್ಕೊಂಡು ಬರ್ತಾರ?”

ಮುಹೂರ್ತ ಮೀರುತ್ತಿತ್ತು. “ಅಕ್ಕಾ, ಬಾಗಿಲಾ ಹಿಡ್ಕೊಂಡು ಹತ್ತಿದಂಗ ಮಾಡು. ಒಂದು ಫೋಟೋ ತಗಸೋಣ, ಸಾಕು.”

“ಹತ್ತಿದಂಗ ಮಾಡ್ಲೇನು? ಹಂಗಾರ ಆರತೀನೂ ಬೆಳಗಿದಂಗ ಮಾಡ್ತೀನಿ. ನಿನ್ನ ಹಣಿಗೆ ಕುಂಕುಮಾನೂ ಹಚ್ಚಿದಂಗ ಮಾಡ್ತೀನಿ. ನಡೀತದೇನು?”

ಈಗ ಯಾರೂ ನಗಲಿಲ್ಲ. ಅವಳು ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಕುಳಿತಳು. “ನೀವು ಮುಂದ ನಡೀರಿ. ನಾ ಆಟೋದಾಗ ಬರ್ತೀನಿ.”

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಾಹುಕಾರ ಹೆದರಿದ್ದು ಅದಕ್ಕೇ. ಹೀಗೆ ಹಿಂದೆ ಉಳಿಯುವುದು ಅವಳಿಗೆ ರೂಢಿಯಾಗಿದೆ ಎಂದು ಅವನಿಗೆ ಹೊಳೆಯಿತು. ಕಾರು ಕೊಳ್ಳುವಾಗ ಯಾರನ್ನು ಕೇಳಿದ್ದ? ಶೋರೂಮಿನವನನ್ನು ಕೇಳಿದ್ದ. ಗೆಳೆಯರನ್ನು ಕೇಳಿದ್ದ. ಒಳಗೆ ಕೂರುವವರನ್ನು ಕೇಳಿದ್ದನೇ? ಬಣ್ಣ ಬದಲಾಯಿತು, ಎತ್ತರ ಬದಲಾಯಿತು. ಪ್ರತಿ ಸಲವೂ ಅವನು ಕಾರು ತಂದದ್ದು ರಸ್ತೆ ಬದಿಯಲ್ಲಿ ನಿಂತವರಿಗಾಗಿ.

ಅವನೂ ಕಟ್ಟೆಯ ಮೇಲೆ ಕುಳಿತ. “ನಿನಗ ಎಂಥಾದು ಬೇಕಿತ್ತಕ್ಕಾ?”

“ಕುರ್ಚಿ ಮ್ಯಾಲೆ ಕುಂತಂಗ ಕುಂದ್ರಬೇಕು, ಹಂಗೇ ಏಳಬೇಕು. ಬಣ್ಣ ನಿನಗ ಬಿಟ್ಟದ್ದು.”

ಸಾಹುಕಾರ ಆಟೋ ಕರೆಸಿ, ಅಕ್ಕನ ಪಕ್ಕದಲ್ಲೇ ಕೂತು ಗುಡಿಗೆ ಹೋದ. ಕಪ್ಪು ಕಾರನ್ನು ಮಾರಿ ಎತ್ತರ ಕಡಿಮೆಯದೊಂದು ತಂದ. ಅಕ್ಕ ಯಾರ ಕೈಯನ್ನೂ ಹಿಡಿಯದೆ ಒಳಗೆ ಕೂತಳು. ಆಮೇಲೆ ಚಕ್ರ ಉರುಳಿತು.

ತಂದೆಗಳೇ, ತಾಯಂದಿರೇ, ಅವನಿಗೆ ಬುದ್ಧಿ ಬಂತು. ನಮಗೆ? ನಿಮ್ಮ ಬಳಿ ಕಾರಿಲ್ಲದಿರಬಹುದು. ಹೊರಗೆ ನಿಲ್ಲಿಸಿದ ಬೈಕು ನಿಮ್ಮದೇ ತಾನೆ? ಹೆಂಡತಿ ತೊಡೆಯ ಮೇಲೆ ಮಗುವನ್ನಿಟ್ಟುಕೊಂಡು ಜಾರುತ್ತ ಕೂರುವ ಆ ಸೀಟನ್ನು ಆರಿಸಿದವರು ಯಾರು? ವಯಸ್ಸಿಗೆ ತಕ್ಕಂತೆ ಆಸೆ ಬದಲಾಗಲಿ, ತಪ್ಪಿಲ್ಲ. ನೀವು ಯಾರನ್ನು ಕೇಳುತ್ತೀರಿ ಎಂಬುದೂ ಬದಲಾಗಬೇಕು. ಗಾಡಿ ತರುವ ಮೊದಲು ಹಿಂದೆ ಕೂರುವವಳನ್ನು ಕೇಳಿ. ಮಂಚ ಮಾಡಿಸುವ ಮೊದಲು ಅದರಿಂದ ಏಳಬೇಕಾದ ಮುದುಕನನ್ನು ಕೇಳಿ. ಅಡುಗೆಕಟ್ಟೆ ಎಷ್ಟು ಎತ್ತರ ಎಂದು ಮೇಸ್ತ್ರಿಗೆ ಹೇಳುವ ಮೊದಲು ಅಲ್ಲಿ ನಿಲ್ಲುವವಳನ್ನು ಕೇಳಿ. ಕೇಳಿದ ಮೇಲೆ, ಅವರು ಹೇಳಿದ್ದನ್ನೇ ಮಾಡಿ.