ಕಾಲಿನ ಪಟ್ಟಿ ಕತ್ತರಿಸಿ ಮಗುವನ್ನು ಒಯ್ದ ಬಗ್ಗೆ

ನಾನು, ಕೊನೆಯಲ್ಲಿ ಸಹಿ ಹಾಕಿರುವವಳು, ವಯಸ್ಸು ಇಪ್ಪತ್ತೊಂಬತ್ತು, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಜಾ ಹೊಲಿಯುವ ಕೆಲಸ, ವಾಸ ಹಳೆಯ ಅಂಚೆ ಕಚೇರಿಯ ಹಿಂದಿನ ಬೀದಿಯ ಕಟ್ಟಡದ ಎರಡನೇ ಮಹಡಿ. ಎರಡು ವರ್ಷದವಳಿದ್ದಾಗ ಜ್ವರ ಬಂದು ಹೋದಂದಿನಿಂದ ನನಗೆ ಕಿವಿ ಕೇಳಿಸುವುದಿಲ್ಲ. ಈ ಹೇಳಿಕೆಯನ್ನು ಕೈಸನ್ನೆಯಲ್ಲಿ ಕೊಡುತ್ತಿದ್ದೇನೆ. ನನ್ನ ನಾದಿನಿ, ಔಷಧದ ಅಂಗಡಿಯಲ್ಲಿ ಕೆಲಸಕ್ಕಿರುವವಳು, ಅದನ್ನು ಬಾಯಿಮಾತಿನಲ್ಲಿ ಹೇಳುತ್ತಿದ್ದಾಳೆ. ಈ ಮೂಲಕ ನನ್ನ ಕೈಯಾರೆ ತಿಳಿಸುವುದೇನೆಂದರೆ:

ನನ್ನ ಗಂಡ ಹುಟ್ಟು ಕಿವುಡರು. ಮರಗೆಲಸದ ಕಾರ್ಖಾನೆಯಲ್ಲಿ ಕುರ್ಚಿ, ಬೀರುಗಳಿಗೆ ಪಾಲಿಶ್ ಹಾಕುತ್ತಾರೆ. ನಾವಿಬ್ಬರೂ ಕಿವುಡರ ಶಾಲೆಯಲ್ಲಿ ಒಟ್ಟಿಗೆ ಓದಿದವರು. ನಮಗೆ ಒಂದು ವರ್ಷ ಎರಡು ತಿಂಗಳ ಮಗಳಿದ್ದಾಳೆ. ಅವಳಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಹಾಗೆಂದು ತಿಳಿಸಿದ ದಿನ ನನ್ನ ಅತ್ತೆ ಡಾಕ್ಟರ ಕೈ ಹಿಡಿದುಕೊಂಡು ಅತ್ತರು, ಮೊದಲ ಬಾರಿಗೆ ನನ್ನ ತಲೆ ಸವರಿದರು. ಅವರು ಕೆಟ್ಟವರಲ್ಲ. ಇದನ್ನು ಬಿಡದೆ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ಮಗು ನಿದ್ದೆ ಮಾಡುವಾಗ ಅವಳ ಕಾಲಿಗೂ ನನ್ನ ಮಣಿಕಟ್ಟಿಗೂ ಹಳೆಯ ಹತ್ತಿಬಟ್ಟೆಯ ಪಟ್ಟಿಯೊಂದನ್ನು ಸಡಿಲವಾಗಿ ಸುತ್ತಿರುತ್ತೇನೆ. ಅವಳು ಮಿಸುಕಿದರೆ ಪಟ್ಟಿ ಜಗ್ಗುತ್ತದೆ, ನನಗೆ ಎಚ್ಚರವಾಗುತ್ತದೆ. ನಮ್ಮ ಕಿವುಡರ ಸಂಘದ ಹಿರಿಯಕ್ಕ ಕಲಿಸಿಕೊಟ್ಟ ಉಪಾಯವಿದು. ಅವರು ತಮ್ಮ ಮಕ್ಕಳನ್ನೆಲ್ಲ ಹೀಗೆಯೇ ಸಾಕಿದ್ದಾರೆ.

ನಿನ್ನೆ ಮಂಗಳವಾರ ನನಗೆ ವಾರದ ರಜೆ. ಗಂಡ ಕೆಲಸಕ್ಕೆ ಹೋಗಿದ್ದರು. ಮಗುವಿಗೆ ಹಲ್ಲು ಬರುತ್ತಿರುವುದರಿಂದ ಬೆಳಗಿನಿಂದ ಕಿರಿಕಿರಿ ಮಾಡುತ್ತಿದ್ದಳು. ಮಧ್ಯಾಹ್ನ ಒಂದೂವರೆಗೆ ಅವಳನ್ನು ಮಲಗಿಸಿ, ಪಟ್ಟಿ ಸುತ್ತಿ, ಪಕ್ಕದಲ್ಲೇ ಮಲಗಿದೆ. ಮೇಲಿನ ಮನೆಯ ಹೆಂಗಸು ಬಟ್ಟೆ ಒಣಗಹಾಕಲು ಅಂಗಳಕ್ಕೆ ಇಳಿಯುತ್ತಾ ಕಿಟಕಿಯಿಂದ ನಮ್ಮನ್ನು ನೋಡಿದ್ದಾರೆ. ಫೋನಿನಲ್ಲಿ ಫೋಟೋ ತೆಗೆದು, ಕೂಸನ್ನು ಕರು ಕಟ್ಟಿದ ಹಾಗೆ ಕಟ್ಟಿದ್ದಾರೆ ಎಂದು ನನ್ನ ಅತ್ತೆಗೆ ಕಳಿಸಿದ್ದಾರೆ. ಇದು ನನಗೆ ಆಮೇಲೆ ತಿಳಿದದ್ದು.

ಎರಡೂವರೆ ಸುಮಾರಿಗೆ ಎಚ್ಚರವಾಯಿತು. ಯಾವುದೂ ಜಗ್ಗಿ ಆದ ಎಚ್ಚರವಲ್ಲ. ಕೈ ಹಗುರವಾಗಿತ್ತು. ಪಟ್ಟಿ ಕತ್ತರಿಸಿ ಬಿದ್ದಿತ್ತು, ನನ್ನದೇ ಹೊಲಿಗೆ ಕತ್ತರಿ ಹಾಸಿಗೆಯ ಮೇಲಿತ್ತು. ಅತ್ತೆಯ ಹತ್ತಿರ ನಮ್ಮ ಮನೆಯ ಇನ್ನೊಂದು ಬೀಗದ ಕೈ ಇರುತ್ತದೆ. ಅವರು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಮಗು ನನ್ನ ಕಡೆಗೆ ಕೈ ಚಾಚಿದಳು. ಅತ್ತೆಯ ತುಟಿಯಲ್ಲಿ 'ನನ್ನ ಮನೆ' ಎಂಬಷ್ಟನ್ನು ಓದಿಕೊಂಡೆ. ಅಷ್ಟರಲ್ಲಿ ಅವರು ಮುಖ ತಿರುಗಿಸಿದರು. ಮುಖ ತಿರುಗಿಸಿದರೆ ನನ್ನ ಪಾಲಿಗೆ ಮಾತು ಮುಗಿದಂತೆ. ಕಿವುಡ ಮಗನನ್ನು ಸಾಕಿದ ಅವರಿಗೆ ಇದು ಗೊತ್ತಿಲ್ಲದ್ದಲ್ಲ. ನಾನು ಮೆಟ್ಟಿಲಿಳಿದು ಓಡುವಷ್ಟರಲ್ಲಿ ಟ್ಯಾಕ್ಸಿ ಹೊರಟಿತ್ತು. ಸೈಕಲ್ ರಿಪೇರಿ ಅಂಗಡಿಯ ತಿರುವಿನವರೆಗೆ ಬರಿಗಾಲಲ್ಲಿ ಓಡಿದೆ.

ಗಂಡನಿಗೆ ಮೆಸೇಜ್ ಹಾಕಿ ನೇರ ಈ ಠಾಣೆಗೆ ಬಂದೆ. ನಡೆದದ್ದನ್ನು ಕಾಗದದಲ್ಲಿ ಬರೆದುಕೊಟ್ಟೆ. ಆಗ ಮೇಜಿನ ಬಳಿ ಇದ್ದವರು ಓದಿ, ನನ್ನನ್ನು ನೋಡಿ, ಬಾಯಿ ದೊಡ್ಡದು ಮಾಡಿ ಏನೋ ಕೂಗಿದರು. ಬಾಯಿ ಅಷ್ಟು ಅಗಲಿಸಿದರೆ ತುಟಿ ಓದಲಾಗುವುದಿಲ್ಲ. ಪಕ್ಕದಲ್ಲಿದ್ದವರು ನಕ್ಕರು. ಕೊನೆಗೆ ಅದೇ ಕಾಗದದ ಕೆಳಗೆ, ಮಾತಾಡುವವರನ್ನು ಕರೆದುಕೊಂಡು ಬನ್ನಿ, ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಹೋದರೆ ಕೇಸಾಗುವುದಿಲ್ಲ ಎಂದು ಬರೆದರು. ಈಗ ಇದನ್ನು ಬರೆದುಕೊಳ್ಳುತ್ತಿರುವವರು ಅವರಲ್ಲ.

ಗಂಡ ಪಾಲಿಶ್ ಮೆತ್ತಿದ ಅಂಗಿಯಲ್ಲೇ ಬಂದರು. ಸಂಘದ ಗೆಳೆಯ 'ಗಡಿಯಾರ' ಕೂಡ ಬಂದ. ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದು ಸನ್ನೆಯ ಹೆಸರು. ಅವನು ಕೈಗಡಿಯಾರ ರಿಪೇರಿ ಮಾಡುವವನು. ಮೂವರೂ ಅತ್ತೆಯ ಮನೆ ಮುಟ್ಟಿದಾಗ ನಾಲ್ಕು ದಾಟಿತ್ತು.

ಬಾಗಿಲು ಹಾಕಿತ್ತು. ಗಂಟೆಯ ಗುಂಡಿ ಒತ್ತಿದೆವು. ಅದು ಸದ್ದು ಮಾಡಿತೋ ಇಲ್ಲವೋ, ಒಳಗಿನಿಂದ ಯಾರಾದರೂ ಉತ್ತರ ಕೊಟ್ಟರೋ, ನಮಗೆ ಹೇಗೆ ತಿಳಿಯಬೇಕು? ಬಾಗಿಲಿಗೆ ಅಂಗೈ ಒತ್ತಿ ನಿಂತೆ. ಗಡಿಯಾರ ನನ್ನ ಕಡೆ ತಿರುಗಿ, "ಗೋಡೆಗೂ ಕಿವಿ ಇರುತ್ತಂತಲ್ಲ, ಬಾಗ್ಲು ಬಿಟ್ಟು ಗೋಡೆ ಬಡಿಯೋಣ" ಎಂದು ಸನ್ನೆ ಮಾಡಿದ. ನನಗೆ ನಗು ಬರಲಿಲ್ಲ. ಅವನೂ ನಗಲಿಲ್ಲ. ಅಕ್ಕಪಕ್ಕದವರು ಹೊರಗೆ ಬಂದು ನಿಂತರು. ನಮ್ಮ ಕೈಗಳ ಓಡಾಟ ನೋಡಿ, ಜಗಳಕ್ಕೆ ಬಂದಿದ್ದಾರೆಂದು ಒಬ್ಬರು ಫೋನ್ ತೆಗೆದರು.

ಆಗ ನನ್ನ ಗಂಡ ದನಿ ತೆಗೆದರು. ಮದುವೆಯಾಗಿ ಐದು ವರ್ಷದಲ್ಲಿ ಅವರು ದನಿ ತೆಗೆದದ್ದನ್ನು ನಾನು ಕಂಡಿರಲಿಲ್ಲ. ಕತ್ತಿನ ನರ ಉಬ್ಬಿತು. ತುಟಿ ಎರಡು ಸಲ ಕೂಡಿ ಬಿಟ್ಟಿತು. ಜನ ಒಂದು ಹೆಜ್ಜೆ ಹಿಂದೆ ಸರಿದರು, ಒಬ್ಬಾಕೆ ಕಿವಿ ಮುಚ್ಚಿಕೊಂಡರು. ಆ ದನಿ ಹೇಗಿತ್ತೆಂದು ನನಗೆ ಗೊತ್ತಿಲ್ಲ. ಒಳಗಿದ್ದ ನಾದಿನಿ ಹೇಳಿದ ಪ್ರಕಾರ, ಅದು 'ಅಮ್ಮ' ಎಂಬಂತೆ ಇತ್ತು. ಅವರು ಚಿಕ್ಕವರಿದ್ದಾಗ ಅತ್ತೆ ಅವರ ಕೈಯನ್ನು ತಮ್ಮ ಗಂಟಲಿಗೆ ಒತ್ತಿಕೊಂಡು ಅದೊಂದು ಮಾತನ್ನು ವರ್ಷಗಟ್ಟಲೆ ಕಲಿಸಿದ್ದರಂತೆ. ಬೀದಿಯ ಮಕ್ಕಳು ನಕ್ಕ ಮೇಲೆ ನನ್ನ ಗಂಡ ಅದನ್ನು ಬಿಟ್ಟುಬಿಟ್ಟರಂತೆ. ಅಲ್ಲಿಯವರೆಗೆ ಚಿಲಕ ಹಿಡಿದುಕೊಂಡೇ ನಿಂತಿದ್ದ ಅತ್ತೆ ಬಾಗಿಲು ತೆಗೆದರು.

ಒಳಗೆ ಮಗು ಅತ್ತು ಅತ್ತು ಕೆಂಪಗಾಗಿದ್ದಳು. ಬಲಗೈಯ ಮುಷ್ಟಿಯನ್ನು ಬಿಗಿದು ಬಿಡುತ್ತಿದ್ದಳು, ಬಿಗಿದು ಬಿಡುತ್ತಿದ್ದಳು. ಅತ್ತೆ ತಮ್ಮ ಮಗಳ ಕಡೆ ತಿರುಗಿ ಹೇಳಿದ್ದನ್ನೂ ತಾನು ಕೊಟ್ಟ ಉತ್ತರವನ್ನೂ ನಾದಿನಿ ನನಗೆ ಸನ್ನೆಯಲ್ಲಿ ತಿಳಿಸಿದಳು.

"ಬಂದಾಗಿಂದ ಒಂದೇ ಸಮ ಅಳ್ತಿದಾಳೆ ಕಣೇ. ಕೈ ನೋಡು, ಸೆಳೆತ ಬಂದಿರೋ ಹಾಗಿದೆ. ಆಸ್ಪತ್ರೆಗೆ ಕರ್ಕೊಂಡು ಹೋಗೋಣ."

"ಅಮ್ಮಾ, ಸೆಳೆತ ಅಲ್ಲ ಅದು. ಕೈಸನ್ನೆಯಲ್ಲಿ ಹಾಲು ಕೇಳ್ತಿದಾಳೆ. ನಾನೂ ಈಗಷ್ಟೇ ಅಂಗಡಿಯಿಂದ ಬಂದೆ, ನೀನು ಮಗುನ ಕೋಣೆಯಿಂದ ಆಚೆ ತಂದಿದ್ರೆ ತಾನೆ ನನಗೆ ಕಾಣೋದು."

ನಾನು ಮಗುವನ್ನು ತೆಗೆದುಕೊಂಡು ನೆಲದಲ್ಲೇ ಕುಳಿತು ಹಾಲು ಕುಡಿಸಿದೆ. ಅತ್ತೆ ಗೋಡೆಗೊರಗಿ ನೋಡುತ್ತಾ ನಿಂತಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇಂದು ಇಲ್ಲಿ ಕೂರುತ್ತಿರಲಿಲ್ಲ. ಮಗು ಹಾಲು ಬಿಟ್ಟ ಮೇಲೆ ಗಂಡ ನನ್ನ ಎದುರು ಕುಳಿತರು. "ಕೆಲಸದ ದಿನ ಮಗು ಇಲ್ಲೇ ಇರಲಿ. ಮಾತು ಕಿವಿಗೆ ಬಿದ್ರೆ ಮಾತು ಕಲೀತಾಳೆ. ನಮ್ಮ ಹಾಗೆ ಆಗೋದು ಬೇಡ" ಎಂದರು. "ನಮ್ಮ ಹಾಗೆ ಅಂದ್ರೆ ಹೇಗೆ?" ಎಂದು ಕೇಳಿದೆ. ಅವರು ಕೈಗಳನ್ನು ಜೇಬಿಗಿಳಿಸಿದರು. ನಮ್ಮಲ್ಲಿ ಅದಕ್ಕೆ ಬಾಯಿ ಮುಚ್ಚಿಕೊಳ್ಳುವುದು ಎಂದರ್ಥ. ಗಡಿಯಾರ ಕಿಟಕಿಯ ಕಡೆ ಮುಖ ಮಾಡಿದ. ಬೇರೆಯವರ ಮಾತನ್ನು ನೋಡಬಾರದೆಂದಿದ್ದಾಗ ನಾವು ಹಾಗೆ ಮಾಡುತ್ತೇವೆ.

ನಾನು ಮಗುವನ್ನೆತ್ತಿಕೊಂಡು ಎದ್ದೆ. ಅತ್ತೆ ಅಡ್ಡ ಬರಲಿಲ್ಲ. ಬಾಗಿಲಲ್ಲಿ ಮಾತ್ರ, ಈ ಬಾರಿ ನನ್ನ ಮುಖಕ್ಕೆ ಮುಖವಿಟ್ಟು ನಿಧಾನವಾಗಿ ಹೇಳಿದರು. ಅಷ್ಟೂ ನನಗೆ ತುಟಿಯಲ್ಲೇ ತಿಳಿಯಿತು.

"ನಾಳೆ ಇವಳು ಒಳಗಿನಿಂದ ಅಮ್ಮಾ ಅಂತ ಕೂಗಿದ್ರೆ, ಓ ಅನ್ನೋರು ಯಾರು?"

ನನ್ನಲ್ಲಿ ಉತ್ತರವಿತ್ತು. ಆದರೆ ಎರಡೂ ಕೈಯಲ್ಲಿ ಮಗುವಿತ್ತು.

ಇಂದು ಬೆಳಿಗ್ಗೆ ಠಾಣೆಯಿಂದ ಕರೆ ಬಂದಿದೆಯೆಂದು ನಾದಿನಿ ಬಂದು ಹೇಳಿದಳು. ಸೊಸೆ ಮಗುವನ್ನು ಕಟ್ಟಿಹಾಕುತ್ತಾಳೆ ಎಂದು ಅತ್ತೆ ಆ ಫೋಟೋ ಸಮೇತ ದೂರು ಕೊಟ್ಟಿರುವುದು ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಪಟ್ಟಿಯ ಎರಡು ತುಂಡುಗಳನ್ನೂ ತಂದಿದ್ದೇನೆ. ಮಗುವಿನ ಕಾಲನ್ನು ತಾವೇ ನೋಡಿದ್ದೀರಿ, ಒಂದು ಗುರುತೂ ಇಲ್ಲ. ಅತ್ತೆಯ ಮೇಲೆ ಕೇಸು ಹಾಕುವುದು ನನಗೆ ಬೇಡ. ನಮ್ಮ ಮನೆಯ ಬೀಗದ ಕೈಯನ್ನು ಅವರಿಂದ ವಾಪಸು ಕೊಡಿಸಬೇಕು, ನಾನು ಬಾಗಿಲು ತೆರೆಯದೆ ಯಾರೂ ಮಗುವನ್ನು ಒಯ್ಯಬಾರದೆಂದು ಬರೆಸಿಕೊಡಬೇಕು. ಈ ಮಾತುಗಳನ್ನು ತನ್ನ ತಾಯಿಯ ವಿರುದ್ಧ ಹೇಳಬೇಕಾಗಿ ಬಂದದ್ದಕ್ಕೆ ನಾದಿನಿ ಎರಡು ಬಾರಿ ನಿಲ್ಲಿಸಿ ನೀರು ಕುಡಿದಿದ್ದಾಳೆ. ಅವಳು ಏನನ್ನೂ ಬಿಟ್ಟಿಲ್ಲ.

ನನ್ನ ಗಂಡ ನಿನ್ನೆ ಮನೆಗೆ ಬರಲಿಲ್ಲ. ಅವರ ತಾಯಿಯ ಮನೆಯಲ್ಲಿದ್ದಾರೆ. ಅವರ ಹೇಳಿಕೆಯನ್ನೂ ಪಡೆಯುವುದಾಗಿ ತಾವು ತಿಳಿಸಿದ್ದೀರಿ. ಪಡೆಯಿರಿ. ಆದರೆ ಅದಕ್ಕೆ ಸಂಘದಿಂದ ಯಾರನ್ನಾದರೂ ಕರೆಸಬೇಕು, ತಾಯಿಯನ್ನು ನಡುವೆ ಕೂರಿಸಬಾರದು ಎಂದು ಕೋರುತ್ತೇನೆ. ಹೆತ್ತವರಾದರೂ ಅವರಿಗೆ ಮಗನ ಭಾಷೆ ಬರುವುದಿಲ್ಲ.

ಮೇಲೆ ಬರೆದಿರುವುದೆಲ್ಲ ನಿಜ. ಕೊನೆಯಲ್ಲಿ 'ಓದಿ ಹೇಳಿದ್ದನ್ನು ಕೇಳಿದ್ದೇನೆ' ಎಂದು ಬರೆದಿದ್ದ ಸಾಲನ್ನು ನನ್ನ ಕೋರಿಕೆಯಂತೆ ಹೊಡೆದುಹಾಕಲಾಗಿದೆ. ನಾನು ಓದಿ ನೋಡಿದ್ದೇನೆ. ಸರಿಯಾಗಿದೆ.

ಸ್ಥಳ: ಠಾಣೆಯ ಒಳಕೋಣೆ
ದಿನ: ಬುಧವಾರ, ಮಧ್ಯಾಹ್ನ

ಹೇಳಿಕೆ ಕೊಟ್ಟವಳ ಸಹಿ
ಕೈಮಾತನ್ನು ಬಾಯಿಮಾತಿಗೆ ತಂದವಳ ಸಹಿ