ಮುಬಶೀರ ಕೊಟ್ಟ ಒಂದು ಚುಕ್ಕಿ

ಏನಾಗಿರಬಹುದು, ಹೇಳಿ ನೋಡೋಣ. ಕಾರಿಗೆ ನಾಲ್ಕೂ ಹೊಸ ಟಾಯರು. ಹಾಕಿಸಿ ತಿಂಗಳೂ ತುಂಬಿಲ್ಲ. ಓಡಿಸುವವನು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವ ಮಾಸ್ತರ, ಕುಡಿಯುವವನಲ್ಲ. ಹಿಂದಿನ ಸೀಟಿನಲ್ಲಿ ಹೆತ್ತ ತಾಯಿ. ಅಂಥ ಕಾರು ಮಳೆಯ ರಾತ್ರಿ ಕೆರೆ ಏರಿಯ ಮೇಲೆ, ಹೆಣದ ಹಿಂದೆ ಹೊರಟವರ ಹಾಗೆ, ಒಂದೊಂದೇ ಹೆಜ್ಜೆ ನಡೆದು ಬಂತು. ಯಾಕೆ?

ಪಂಕ್ಚರ್ ಅಂತೀರಿ. ಅಲ್ಲ. ಪೆಟ್ರೋಲ್ ತೀರಿತ್ತು ಅಂತೀರಿ. ಅದೂ ಅಲ್ಲ. ಹತ್ತಿರ ಬನ್ನಿ, ಹೇಳುತ್ತೇನೆ. ಅವರಿವರ ಬಾಯಿಂದ ಉರುಳಿ ಬಂದ ಕತೆಯಲ್ಲ ಇದು. ಹಾನಗಲ್ಲಿನಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡ ಮನೆ; ಆ ಮನೆಯ ವಿಜಯೀಂದ್ರನಿಗೇ ಆದದ್ದು.

ವಿಜಯೀಂದ್ರ ಆ ವರ್ಷ ಬೇಸಿಗೆಯಿಂದಲೇ ದಣಿದಿದ್ದ. ಪರೀಕ್ಷೆ, ಪೇಪರ್ ತಿದ್ದುವುದು, ಫೇಲಾದವರಿಗೆ ಮತ್ತೆ ಪರೀಕ್ಷೆ, ಮತ್ತೆ ತಿದ್ದುವುದು. ಕೊನೆಗೆ ಮನೆಯ ಸಾರಿಗೂ ಮನಸ್ಸಿನಲ್ಲೇ ಮಾರ್ಕ್ಸ್ ಹಾಕುವ ಚಟ ಹತ್ತಿತ್ತು. ಅದರ ನಡುವೆ ಕಾರಿನ ಹಳೆಯ ಟಾಯರು ಬೋಳಾದವು. ಮಳೆಗಾಲ ಬಾಗಿಲಿಗೆ ಬಂದಿತ್ತು. ಅಂಗಡಿಯವನು ಇದು ಹಾಕಿಸ್ರಿ ಅಂದರೆ ಇವನು ನಂಬಬೇಕಲ್ಲ! ಫೋನು ಹಿಡಿದು, ಕೊಂಡವರೆಲ್ಲ ಬರೆದ ರಿವ್ಯೂ ಓದಲು ಕುಳಿತ. ಊಟಕ್ಕೆ ಕರೆದರೂ ಏಳಲಿಲ್ಲ.

"ನನ್ನ ನೋಡ್ಲಿಕ್ಕೆ ಬಂದಾಗ ಚಹಾ ಆರೂದರೊಳಗ ಹೂಂ ಅಂದಿದ್ರಿ," ಅಂದಳಂತೆ ಹೆಂಡತಿ ದೀಪ್ತಿ. "ಈ ರಬ್ಬರಿಗೆ ಇಷ್ಟು ವಿಚಾರ!"

ಅವನು ನಗಲೂ ಇಲ್ಲ. ಓದಿದ್ದು ಮಾತ್ರ ಅಪ್ಪಟ ಮಾಸ್ತರನ ಹಾಗೆ. ಪ್ರಶ್ನೆ ಒಂದೇ: ಹಸಿ ರಸ್ತೆಯಲ್ಲಿ ಈ ಟಾಯರು ಹಿಡಿಯುತ್ತದೋ ಇಲ್ಲವೋ? ಉತ್ತರಕ್ಕೆ ತಕ್ಕ ಅಂಕ. ಒಂದು ಟಾಯರಿಗೆ ಜನ ಸುರಿದು ಸುರಿದು ಐದಕ್ಕೆ ನಾಲ್ಕೂವರೆ ಚುಕ್ಕಿ ಕೊಟ್ಟಿದ್ದರು. ಮಳೆಯಲ್ಲಿ ಬೆಣ್ಣೆಯ ಹಾಗೆ ಓಡುತ್ತದೆ ಅಂತ ಒಬ್ಬ ಬರೆದಿದ್ದ. ಹಸಿ ರಸ್ತೆಯ ಮೇಲೆ ಬೆಣ್ಣೆ ಏನು ಮಾಡುತ್ತದೆ ಅಂತ ಫಿಸಿಕ್ಸ್ ಮಾಸ್ತರನಿಗೂ ಹೊಳೆಯಲಿಲ್ಲ ನೋಡಿ. ಪೂರ್ತಿ ಅಂಕ ಕೊಟ್ಟ.

ಎಲ್ಲಕ್ಕೂ ಕೆಳಗೆ ಒಂದೇ ಚುಕ್ಕಿಯ ರಿವ್ಯೂ ಇತ್ತು. ಸವಣೂರಿನ ಮುಬಶೀರ ಎಂಬವನದು. ಅದರಲ್ಲಿ ಟಾಯರಿನ ಸುದ್ದಿಯೇ ಇಲ್ಲ. ಬಂಕಾಪುರದಿಂದ ಹಾನಗಲ್ಲಿಗೆ ಬರುವ ದಾರಿಯ ಕೆರೆ ಏರಿ, ಅದರ ತಿರುವು, ಮಳೆ ಬಂದಾಗ ಅಲ್ಲಿ ರಸ್ತೆಯ ಮೇಲೆ ನಿಲ್ಲುವ ನೀರು, ಇಷ್ಟೇ. ಬ್ರೇಕ್ ಒತ್ತಬ್ಯಾಡ್ರಿ, ನಡಕೋತ ಹೋದಂಗ ಹೋಗ್ರಿ ಅಂತ ಮತ್ತೆ ಮತ್ತೆ ಬರೆದಿತ್ತು. ಕೇಳಿದ ಪ್ರಶ್ನೆ ಒಂದು, ಬರೆದ ಉತ್ತರ ಇನ್ನೊಂದು. ವಿಜಯೀಂದ್ರ ಸೊನ್ನೆ ಹಾಕಿದ. ನಾಲ್ಕೂವರೆ ಚುಕ್ಕಿಯ ಟಾಯರು ಬಂದವು.

ಪ್ರಥಮೈಕಾದಶಿ ಬಂತು. ಆ ದಿನ ನಮ್ಮಲ್ಲಿ ಮುದ್ರಾಧಾರಣೆ. ಕಾಸಿದ ಶಂಖಚಕ್ರದ ಮುದ್ರೆಯನ್ನು ತೋಳಿಗೆ ಒತ್ತಿಸಿಕೊಳ್ಳದೆ ಅವನ ತಾಯಿ ಭಾಗೀರಥಿಬಾಯಿಯವರ ಮಳೆಗಾಲ ಶುರುವಾಗುವುದೇ ಇಲ್ಲ. ಮಗ ಅವರನ್ನು ಸವಣೂರಿನ ಮಠಕ್ಕೆ ಕರೆದೊಯ್ದ. ಇಬ್ಬರಿಗೂ ಮುದ್ರೆ, ಇಬ್ಬರದೂ ನಿರ್ಜಲ ಉಪವಾಸ. ಮುದ್ರೆಗೆ ನಿಂತವರ ಪಾಳಿ ಕರಗಲೇ ಒಲ್ಲದು. ಅದು ಮುಗಿದು ಹೊರಬಿದ್ದರೆ ಮೊಹರಮ್ಮಿನ ಮಂದಿ, ಓಣಿ ತುಂಬ ಹಲಗೆಯ ಸಪ್ಪಳ. ಕಾರು ಊರು ಬಿಡುವಷ್ಟರಲ್ಲಿ ಕತ್ತಲೆ. ಬಂಕಾಪುರ ದಾಟುತ್ತಲೇ ಮಳೆ ಹಿಡಿಯಿತು.

ನೀರೂ ಕುಡಿಯದ ಬಾಯಿ ಒಣಗಿತ್ತು. ತೋಳಿನ ಮುದ್ರೆ ಚುರುಗುಡುತ್ತಿತ್ತು. ವಿಜಯೀಂದ್ರನಿಗೆ ಬೇಕಾದದ್ದು ಒಂದೇ... ಮನೆ, ಚಾಪೆ, ನಿದ್ದೆ. ಒಳ್ಳೆಯ ಟಾಯರು ಅದಾವಲ್ಲ ಎಂಬ ಧೈರ್ಯದಲ್ಲಿ ಕಾಲು ತಾನೇ ಒತ್ತಿತು. ಹಿಂದೆ ತಾಯಿಯ ಜಪ ಗುಣುಗುಣು. ಮುಂದೆ ವೈಪರು... ಕಿರ್ರ್... ಟಕ್. ಕಿರ್ರ್... ಟಕ್.

ಕೆರೆ ಏರಿಯ ಬಾಯಿಗೆ ಒಂದು ಆಲದಮರ. ಅದರ ಕೆಳಗೆ ಒಬ್ಬ ನಿಂತಿದ್ದ. ಕೈ ಎತ್ತಿದ.

ವಿಜಯೀಂದ್ರ ಬ್ರೇಕ್ ಒತ್ತಿದ.

ಕಾರು ನಿಲ್ಲಲಿಲ್ಲ. ಟಾಯರು ಕಿರುಚಲೂ ಇಲ್ಲ... ಸ್ಸ್ಸ್ ಅಂತ, ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ ಸಪ್ಪಳ. ಕೈಯಲ್ಲಿದ್ದ ಸ್ಟೇರಿಂಗಿಗೆ ಹತ್ತಿಯಷ್ಟೂ ತೂಕವಿಲ್ಲ. ಆಲದಮರ ಹಿಂದಕ್ಕೆ ಸರಿಯಿತು. ಆ ಮನುಷ್ಯನೂ ಹಿಂದಕ್ಕೆ ಸರಿದ. ಕಾರು ತನಗೆ ಬೇಕಾದಲ್ಲಿಗೆ ಹೋಗಿ, ಏರಿಯ ಮೇಲೆ ಸೊಟ್ಟಗೆ ನಿಂತಿತು.

ಹಿಂದಿನಿಂದ ಚಪ್ಪಲಿಯ ಸಪ್ಪಳ. ಪಚಕ್... ಪಚಕ್... ಅವಸರವೇ ಇಲ್ಲದ ನಡಿಗೆ. ಕಿಟಕಿಯ ಹತ್ತಿರ ಬಂದು ನಿಂತಿತು. ವಿಜಯೀಂದ್ರ ಗಾಜು ಬೆರಳಷ್ಟು ಇಳಿಸಿದ. ಹಸಿ ಪಾಚಿಯ ವಾಸನೆ ಒಳಗೆ ಬಂತು.

"ಇಲ್ಲಿಗಾದ್ರೂ ನಿಂತ್ರಲ್ಲ, ಸರ..." ಪಿಸುದನಿ. "ನಂದು ನಿಂದರಲೇ ಇಲ್ಲ."

ಆ ಮನುಷ್ಯ ಬಗ್ಗಿ ಮುಂದಿನ ಗಾಲಿ ನೋಡಿದ.

"ಹೊಸಾ ಟಾಯರೇನ್ರಿ? ನಾಕೂವರಿ ಚುಕ್ಕಿಯವು?"

"ಹೌದು."

"ನಾ ಬರದಿದ್ದು ಓದಲಿಲ್ಲೇನ್ರಿ?"

ಇವನು ಯಾರು, ಇವನ ಕಾರು ಎಲ್ಲಿಗೆ ಹೋಗಿ ನಿಂತಿತು ಅಂತ ಆಗ ಅವನಿಗೆ ತಿಳಿಯಿತು. ತಿಳಿದರೂ ಹೆದರಲಿಕ್ಕೆ ಮೈಯಲ್ಲಿ ಕಸುವು ಇರಬೇಕಲ್ಲ. ಸುಳ್ಳು ಹೇಳಲಿಕ್ಕೂ ಇರಲಿಲ್ಲ.

"ಓದಿದ್ದೆ," ಅಂದ. "ಪ್ರಶ್ನೆಗೆ ಉತ್ತರ ಅಲ್ಲ ಅಂತ... ಬಿಟ್ಟೆ."

ಮುಬಶೀರ ಸಿಟ್ಟಾಗಲಿಲ್ಲ. ದಿನವಿಡೀ ಮೂಟೆ ಹೊತ್ತವನು ಕಟ್ಟೆಗೆ ಕುಂಡಿ ಊರುವಾಗ ಬಿಡುವ ಉಸಿರು ಇರುತ್ತದಲ್ಲ, ಅಂಥದೊಂದು ಉಸಿರು ಬಿಟ್ಟ.

"ಎಲ್ಲಾರೂ ಓದ್ತಾರ್ರಿ. ಓದಿ ಇಲ್ಲೇ ಬರ್ತಾರ. ನನಗೂ ಸಾಕಾಗೈತಿ..." ಸ್ವಲ್ಪ ತಡೆದ. "ಹಿಂದ ಅವ್ವಾರು ಅದಾರ. ನನ್ನ ಹಿಂದೂ ಮನಿ ಮಂದಿ ಇದ್ರು. ದೀಪ ನನ್ನ ಮ್ಯಾಲ ಇರ್ಲಿ. ನಾ ನಡದಂಗ ಬರ್ರಿ."

ಕಾರು ತಿರುಗಿಸಲು ಅಲ್ಲಿ ಜಾಗವಿಲ್ಲ. ಮಳೆಯಲ್ಲಿ ಮುಪ್ಪಿನ ತಾಯಿಯನ್ನು ಇಳಿಸಿ ನಡೆಸುವ ಹಾಗಿಲ್ಲ. ಆ ತಿರುವಿನಲ್ಲಿ ಕಾರು ಇನ್ನೊಮ್ಮೆ ಜಾರಿದರೆ ಕೆರೆಗೇ. ಯಾರನ್ನು ನಂಬುವುದು? ನಾಲ್ಕೂವರೆ ಚುಕ್ಕಿ ಕೊಟ್ಟ ಆ ನೂರಾರು ಮಂದಿಯಲ್ಲಿ ಒಬ್ಬನೂ ಮಳೆಯಲ್ಲಿ ಎದ್ದು ಬಂದಿರಲಿಲ್ಲ. ವಿಜಯೀಂದ್ರ ಮೊದಲನೇ ಗೇರು ಹಾಕಿದ. ಬ್ರೇಕಿನಿಂದ ಕಾಲು ತೆಗೆದ.

ಮುಂದೆ ಅವನು. ಹಿಂದೆ ಕಾರು. ಬೆಳಕಿನಲ್ಲಿ ಕಂಡದ್ದು ಬೆನ್ನಿಗೆ ಅಂಟಿದ ಅಂಗಿ, ಇಳಿಬಿದ್ದ ಹೆಗಲು. ಒಮ್ಮೆಯೂ ತಿರುಗಿ ನೋಡಲಿಲ್ಲ. ಪಚಕ್... ಪಚಕ್...

ತಿರುವು ಬಂತು. ನೀರು ರಸ್ತೆಯ ಮೇಲೆ ತೆಳ್ಳಗೆ, ಹಾಸಿದ ಗಾಜಿನ ಹಾಗೆ ನಿಂತಿತ್ತು. ಅಷ್ಟು ನಿಧಾನವಾಗಿದ್ದರೂ ಮುಂದಿನ ಗಾಲಿ ಕೆರೆಯ ಕಡೆಗೆ ಜಾರಿತು... ಸ್ಸ್ಸ್... ವಿಜಯೀಂದ್ರ ಕಣ್ಣು ಮುಚ್ಚಿದ. ಕಾರು ಏನಕ್ಕೋ ಮೆತ್ತಗೆ ತಾಗಿದ ಹಾಗಾಯಿತು. ಜಾರುವುದು ನಿಂತಿತು. ಗಾಲಿ ಮತ್ತೆ ನೆಲ ಹಿಡಿಯಿತು.

ಏರಿ ಮುಗಿದ ಮೇಲೆ ಊರ ಮುಂದಿನ ದೀಪದ ಕಂಬ. ಅಲ್ಲಿಗೆ ಬಂದು ನೋಡುತ್ತಾನೆ, ಮುಂದೆ ಯಾರೂ ಇಲ್ಲ. ಇಳಿದು ಹಿಂದೆ ನೋಡಿದ. ಬರೇ ಏರಿ. ಬರೇ ಮಳೆ. ಮತ್ತೆ ಒಳಗೆ ಕುಳಿತು ಸ್ಟೇರಿಂಗಿಗೆ ತಲೆ ಆನಿಸಿದ. ಅವ್ವ ಪಾರಾದಳು ಅಂದುಕೊಂಡ ಹೊತ್ತಿಗೆ ಕಣ್ಣಲ್ಲಿ ನೀರು ಬಂತಂತೆ. ಅದನ್ನು ನನಗೆ ಅವನೇ ಹೇಳಿದ್ದು, ಅದೂ ಬಹಳ ದಿನದ ಮೇಲೆ.

ಹಿಂದಿನ ಸೀಟಿನಲ್ಲಿ ಜಪ ನಿಂತಿತು.

"ವಿಜೂ, ಅವರನ್ನ ಹತ್ತಿಸ್ಕೋಬೇಕಿತ್ತೋ," ಅಂದರು ಭಾಗೀರಥಿಬಾಯಿ.

"ಯಾರನ್ನ, ಅವ್ವ?"

"ಅವನು ಹೋಗ್ಲಿ, ಗಂಡಸು, ಮುಂದ ನಡದ. ಅಕಿನ್ನಾದ್ರೂ ಕೂಡಿಸ್ಕೋಬೇಕಿತ್ತು. ನನ್ನ ಬಾಜೂಕನ ನಡಕೋತ ಬಂದ್ಲು, ಕೆರಿ ಕಡೆಯಿಂದ. ಒಂದು ಕೈ ಬಾಗಲಕ್ಕ ಹಚ್ಚಿದ್ಲು. ಇನ್ನೊಂದು ಕೈಯಾಗ ಕೂಸಿತ್ತು."

ವಿಜಯೀಂದ್ರ ಮನೆಯ ಕಡೆ ಕಾರು ಬಿಟ್ಟ.

ಆ ತಿರುವನ್ನು ಬೇಕಾದರೆ ಹಗಲಿನಲ್ಲಿ ಹೋಗಿ ನೋಡಿ ಬನ್ನಿ. ನಾನು ನೋಡಿ ಬಂದಿದ್ದೇನೆ. ಕೆರೆಯ ಕಡೆ ಡಾಂಬರು ಮುಗಿದಲ್ಲೇ ನೀರು. ಹೆಂಗಸು ನಡೆಯುವುದು ಇರಲಿ, ಕಾಲೂರಲಿಕ್ಕೂ ಅಲ್ಲಿ ನೆಲವಿಲ್ಲ.

ಸುಳ್ಳು ಅನ್ನುವವರು ಅನ್ನಲಿ. ಭಾಗೀರಥಿಬಾಯಿ ಏಕಾದಶಿಯ ದಿನ ಸುಳ್ಳಾಡುವವರಲ್ಲ. ಇದು ಆದದ್ದು ನಿಜ, ಆದ ದಿನವೂ ನಿಜ: ಎರಡು ಸಾವಿರದ ಇಪ್ಪತ್ನಾಲ್ಕು, ಜುಲೈ ಹದಿನೇಳು, ಬುಧವಾರ.